ಅತ್ತೆ ಕೊಟ್ಟ ಉಸಿರು

ನನಗೂ ನನ್ನ ಅತ್ತೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಅವರನ್ನು ಹೊಗಳುವಾಗ ಇದು ಸೊಸೆಯ ಬೂಟಾಟಿಕೆ ಅಂದುಕೊಳ್ಳುತ್ತೀರಿ. ನಮ್ಮ ಜಗಳಕ್ಕೆಲ್ಲ ಮೂಲ ಎಂಜಲು. ಅವರು ಚೊಂಬನ್ನಾಗಲಿ ಲೋಟವನ್ನಾಗಲಿ ತುಟಿಗೆ ತಾಗಿಸಿದ್ದನ್ನು ನಾನು ಕಂಡಿರಲಿಲ್ಲ. ನೀರು, ಮಜ್ಜಿಗೆ, ಸುಡುವ ಕಾಫಿ, ಎಲ್ಲವನ್ನೂ ಎತ್ತಿ ಬಾಯಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಉಪ್ಪು ನೋಡಲು ಸೌಟನ್ನೇ ಬಾಯಿಗಿಟ್ಟು ಮತ್ತೆ ಸಾರಿಗೆ ಅದ್ದಿದೆ. ಅವರು ಪಾತ್ರೆ ಎತ್ತಿಕೊಂಡು ಹೋಗಿ ಸಾರನ್ನೆಲ್ಲ ಬಚ್ಚಲಿಗೆ ಸುರಿದು ಬಂದರು. ಹೈಸ್ಕೂಲಿನಲ್ಲಿ ಐವತ್ತು ಮಕ್ಕಳನ್ನು ಗದರಿಸುವ ನಾನು ಆ ದಿನ ಗೋಡೆಗಂಟಿ ನಿಂತಿದ್ದೆ. ಆ ಸಿಟ್ಟನ್ನು ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಅತ್ತೆ ಮೂವತ್ತು ವರ್ಷ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಎಲ್ಲರ ಬಾಯಲ್ಲೂ ಅವರು ನರ್ಸಮ್ಮ. ರಕ್ತದಲ್ಲಿ ಕೈಯಾಡಿಸಿದವರಿಗೆ ಒಂದು ಸೌಟಿನ ಮೇಲೆ ಯಾಕಿಷ್ಟು ಕೋಪ ಎಂದು ಕೇಳಿದರೆ, "ಅದು ಕೆಲಸ ಕಣೇ, ಇದು ಮನೆ," ಎನ್ನುತ್ತಿದ್ದರು.

ಪಕ್ಕದ ಮನೆಯಲ್ಲಿ ತಾಯಿ, ಮಗ ಇಬ್ಬರೇ. ತಾಯಿ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಸೇರುವ ಭಜನೆ ಗುಂಪಿನವರು, ಒಳ್ಳೆಯ ಕಂಠ. ಮಗನಿಗೆ ಇಪ್ಪತ್ತಾರು ವಯಸ್ಸು, ನಗರ್ತಪೇಟೆಯ ಸಗಟು ಅಂಗಡಿಯೊಂದರಲ್ಲಿ ಕೆಲಸ. ಅವನು ಎರಡು ಸಲ ರಸ್ತೆಯಲ್ಲಿ ಬಿದ್ದಿದ್ದ. "ಫಿಟ್ಸ್ ಬರತ್ತೆ, ಚಿಕ್ಕಂದಿನಿಂದ ಇದೆ," ಎಂದು ತಾಯಿ ಹೇಳಿದ್ದರು, ಬೀದಿಯೆಲ್ಲ ನಂಬಿತ್ತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವೈದ್ಯವಾದ್ದರಿಂದ, ಅವನು ಬಿದ್ದ ಎಂದರೆ ಮನೆ ಮನೆಯಿಂದ ಬೀಗದ ಕೈ ಗೊಂಚಲುಗಳು ಓಡಿ ಬರುತ್ತಿದ್ದವು.

ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಆ ತಾಯಿಯ ಕೂಗು ಕೇಳಿ ನಾವಿಬ್ಬರೂ ಓಡಿದೆವು. ಹುಡುಗ ಅವರ ಮನೆಯ ಜಗುಲಿಯ ಮೇಲೆ ಅಂಗಾತ ಬಿದ್ದಿದ್ದ. ಬೆಳಗಿನಿಂದ ಗೊರಕೆ ಹೊಡೆಯುತ್ತಿದ್ದನಂತೆ. ಭಾನುವಾರವಲ್ಲವೇ, ಮಲಗಲಿ ಎಂದು ತಾಯಿ ಬಿಟ್ಟಿದ್ದರು. ಕಾಫಿ ತಂದು ಎಬ್ಬಿಸಿದರೆ ಏಳಲಿಲ್ಲ. ನಾವು ಹೋಗುವಷ್ಟರಲ್ಲಿ ಅವನ ಬಲಗೈಯಲ್ಲಿ ಒಂದು ಗೊಂಚಲು, ಎಡಗೈಯಲ್ಲಿ ಒಂದು. ಒಬ್ಬರು ಮೂಗಿಗೆ ಈರುಳ್ಳಿ ಹಿಡಿದಿದ್ದರು, ಇನ್ನೊಬ್ಬರು ಬಾಯಿಗೆ ನೀರು ಹಾಕಲು ಚೊಂಬು ಬಗ್ಗಿಸುತ್ತಿದ್ದರು.

ಅತ್ತೆ ಚೊಂಬು ಕಿತ್ತುಕೊಂಡರು. "ಜ್ಞಾನ ಇಲ್ಲದೋರ ಬಾಯಿಗೆ ನೀರು ಹಾಕಿದ್ರೆ ಉಸಿರಿನ ನಾಳಕ್ಕೆ ಹೋಗತ್ತೆ. ಎಲ್ರೂ ಆಚೆ ನಿಂತ್ಕೊಳ್ಳಿ."

ಅವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ಬೆರಳಿನ ಗೆಣ್ಣುಗಳಿಂದ ಎದೆಯ ನಡುಮೂಳೆಯನ್ನು ನೋಯುವ ಹಾಗೆ ಉಜ್ಜಿದರು. ಅವನು ಮಿಸುಕಲಿಲ್ಲ. ತುಟಿ, ಉಗುರು ನೇರಳೆ ಬಣ್ಣಕ್ಕೆ ತಿರುಗಿದ್ದವು. ರೆಪ್ಪೆ ಎತ್ತಿದರು, ನಾನೂ ಬಗ್ಗಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಿತ್ತು.

"ಫಿಟ್ಸ್ ಆದ್ರೆ ಮೈ ಸೆಟೆದುಕೊಳ್ಳತ್ತೆ," ಎಂದರು ಅತ್ತೆ. "ಇವನು ಒದ್ದೆ ಬಟ್ಟೆ ಥರ ಬಿದ್ದಿದಾನೆ. ಪಾಪೆ ಇಷ್ಟು ಚಿಕ್ಕದಾಗೋದು ಮತ್ತಿನ ಮದ್ದಿಗೆ. ಏನು ತಗೊಂಡಿದಾನೆ?"

"ಏನೂ ಇಲ್ಲ ನರ್ಸಮ್ಮ, ಫಿಟ್ಸೇ..." ಎಂದರು ತಾಯಿ. ಅವರ ಕಣ್ಣು ಗೇಟಿನ ಬಳಿ ನಿಂತ ಜನರ ಮೇಲಿತ್ತು. ಅಲ್ಲಿಂದ ಒಬ್ಬರು, "ಮುಟ್ಬೇಡಿ ನರ್ಸಮ್ಮ, ಆಮೇಲೆ ಪೊಲೀಸ್ ಕೇಸ್ ಆಗತ್ತೆ," ಎಂದು ಬುದ್ಧಿ ಹೇಳಿದರು.

ಅತ್ತೆ ಆ ತಾಯಿಯ ಮಣಿಕಟ್ಟು ಹಿಡಿದರು. "ನೋಡಮ್ಮ, ಇವನು ಉಸಿರಾಡೋದನ್ನೇ ಮರೀತಾ ಇದಾನೆ. ಮಾನ ಮರ್ಯಾದೆ ಸಾಯಂಕಾಲ ನೋಡ್ಕೊಳ್ಳೋಣ. ಈಗ ಹೇಳು."

ತಾಯಿ ಬಗ್ಗಿ ಅತ್ತೆಯ ಕಿವಿಯಲ್ಲಿ ಹೇಳಿದರು. ಪಕ್ಕದಲ್ಲೇ ಕೂತಿದ್ದ ನನಗೂ ಕೇಳಿಸಿತು. ಬ್ರೌನ್ ಶುಗರ್. ಪತ್ರಿಕೆಯಲ್ಲಿ ಓದಿದ್ದ ಆ ಮಾದಕ ಪುಡಿಯ ಹೆಸರು ಗೋಡೆಯಾಚೆಯ ಮನೆಯಲ್ಲಿ ವಾಸವಾಗಿತ್ತು, ನಾವು ಕೀ ಗೊಂಚಲು ಹಿಡಿದು ಓಡಾಡುತ್ತಿದ್ದೆವು.

"ಹೋಗೇ, ಆಟೋ ತಾ," ಎಂದರು ಅತ್ತೆ ನನಗೆ. ನಾನು ಎದ್ದೆ, ಆದರೆ ಕಾಲು ಮುಂದೆ ಹೋಗಲಿಲ್ಲ. ಏಕೆಂದರೆ ಅತ್ತೆ ಅವನ ಹಣೆಯ ಮೇಲೆ ಕೈಯಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿದರು, ಗದ್ದ ಮೇಲೆತ್ತಿದರು, ಬಾಯೊಳಗೆ ಬೆರಳು ಹಾಕಿ ಜೊಲ್ಲು ತೆಗೆದು ಸೆರಗಿಗೆ ಒರೆಸಿಕೊಂಡರು. ಮೂಗು ಹಿಡಿದರು. ಆಮೇಲೆ ತಮ್ಮ ಬಾಯನ್ನು ಅವನ ಬಾಯಿಗೆ ಪೂರ್ತಿಯಾಗಿ ಒತ್ತಿ ಊದಿದರು. ಅವನ ಎದೆ ಏರಿತು. ಬಾಯಿ ತೆಗೆದು, ಎದೆ ಇಳಿಯುವುದನ್ನು ನೋಡಿ, ಐದು ಎಣಿಸಿ, ಮತ್ತೆ ಊದಿದರು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೂ ಮನಸ್ಸಿನಲ್ಲಿ ಕಾಪಿ ತಿದ್ದುವ ಹೆಂಗಸು ನಾನು. ಅವತ್ತು ಮಾತ್ರ ಕೈಗಳು ತಾವಾಗಿಯೇ ಮುಗಿದಿದ್ದವು.

"ನಿಂತ್ಕೊಂಡು ನೋಡ್ತೀಯಲ್ಲೇ, ಓಡು!" ಎಂದು ಅವರು ಬೈದದ್ದರಿಂದ ಓಡಿದೆ.

ಆಟೋದ ಹಿಂದಿನ ಸೀಟಿನಲ್ಲಿ ಅತ್ತೆ, ನಾನು, ನಮ್ಮಿಬ್ಬರ ತೊಡೆಯ ಮೇಲೆ ಅವನು. ತಾಯಿ ಡ್ರೈವರ್ ಪಕ್ಕ ಒತ್ತಿಕೊಂಡು ಕೂತರು. ಅತ್ತೆಗೆ ಆಗ ಅರವತ್ತೆಂಟು. ಎರಡು ತಿರುವು ದಾಟುವಷ್ಟರಲ್ಲಿ ಅವರ ಮುಖ ಬೆವತು, ಊದಿದ ಗಾಳಿ ಅವನ ಎದೆಯನ್ನು ಎತ್ತದಾಯಿತು.

"ನನಗೆ ದಮ್ಮಿಲ್ಲ. ಈಗ ನೀನು ಊದು."

"ನನಗೆ ಬರಲ್ಲ ಅತ್ತೆ."

"ಬಲೂನ್ ಊದಕ್ಕೆ ಬರತ್ತಲ್ಲ? ಊದು. ನಾನು ಎಣಿಸ್ತೀನಿ."

ಬೀಡಿಯ ಕಮಟು, ಹುಳಿ ವಾಸನೆ, ತಣ್ಣಗಿನ ತುಟಿ. ಅಸಹ್ಯವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಊದಿದೆ. ಗಾಳಿ ಪಕ್ಕದಿಂದ ಸೋರಿತು. "ಮೂಗು ಬಿಟ್ಟಿದೀಯ," ಎಂದರು. ಮತ್ತೆ ಊದಿದೆ, ಅವನ ಅಂಗಿಯ ಗುಂಡಿಗಳು ಮೇಲೆದ್ದವು. ನನ್ನೊಳಗಿನ ಗಾಳಿ ಇನ್ನೊಬ್ಬನ ಎದೆಯನ್ನು ಎತ್ತುವುದನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ಅಸಹ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ. "ಒಂದು, ಎರಡು, ಮೂರು, ನಾಕು, ಐದು, ಊದು," ಎಂದು ಅತ್ತೆ ಹೇಳುತ್ತಲೇ ಇದ್ದರು. ಆಸ್ಪತ್ರೆಯ ಬಾಗಿಲವರೆಗೂ ನಾನು ಅದನ್ನು ಬಿಟ್ಟು ಬೇರೇನೂ ಯೋಚಿಸಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರು ಏನಾಯಿತು ಎಂದು ಕೇಳುವ ಮೊದಲೇ ಅತ್ತೆ, "ಬ್ರೌನ್ ಶುಗರ್ ತಗೊಂಡಿದಾನೆ, ಉಸಿರು ನಿಲ್ತಾ ಇದೆ," ಎಂದರು. "ಪೆಥಿಡಿನ್ ಕೊಟ್ಟ ತಾಯಿಗೆ ಹುಟ್ಟಿದ ಮಗು ಅಳದೇ ಇದ್ರೆ ಕೊಡ್ತೀವಲ್ಲ, ಆ ಇಂಜೆಕ್ಷನ್ನು ಬೇಕು ಡಾಕ್ಟ್ರೇ." ಡಾಕ್ಟರು ಒಂದು ಕ್ಷಣ ಅವರನ್ನು ನೋಡಿ, ಒಳಗೆ ಕೂಗಿ ಹೇಳಿದರು. ಆಗ ನನಗೆ ಹೊಳೆಯಿತು. ನೋವಿಗೆಂದು ಹೆರುವ ತಾಯಿಗೆ ಕೊಟ್ಟ, ಬ್ರೌನ್ ಶುಗರ್ ಜಾತಿಯದೇ ಆದ ಮದ್ದು ಕೂಸಿಗೂ ಇಳಿದು, ಉಸಿರಾಡುವುದನ್ನು ಮರೆತು ಹುಟ್ಟಿದ ಮಕ್ಕಳಿಗೆ ಈ ಹೆಂಗಸು ಮೂವತ್ತು ವರ್ಷ ಊದಿದ್ದಾರೆ. ಅವರ ಕಣ್ಣಿಗೆ ಅವನು ತಡವಾಗಿ ಬಂದ ಇನ್ನೊಂದು ಕೂಸು.

ಇಂಜೆಕ್ಷನ್ ಕೊಟ್ಟು ಎರಡು ಮೂರು ನಿಮಿಷವಾಗಿರಬಹುದು. ತುಟಿಗೆ ಕೆಂಪು ಬಂತು, ಅವನು ಒಂದು ದೀರ್ಘ ಉಸಿರೆಳೆದು ಕಣ್ಣು ಬಿಟ್ಟ. ಸತ್ತವನು ಎದ್ದ ಎಂದೇ ನನಗನಿಸಿತು. ಎದ್ದವನು ಮೊದಲು ಮಾಡಿದ ಕೆಲಸ ನಮ್ಮೆಲ್ಲರನ್ನೂ ಬೈದದ್ದು. ಮನೆಗೆ ಹೋಗುತ್ತೇನೆಂದು ಹಾರಾಡಿದ. "ಹೋಗಬಾರದು," ಎಂದು ಅತ್ತೆ ಮಂಚದ ಪಕ್ಕವೇ ಕೂತರು. "ಇಂಜೆಕ್ಷನ್ ಬೇಗ ಇಳಿಯತ್ತೆ, ನಿನ್ನ ಮೈಯಲ್ಲಿರೋದು ಬೇಗ ಇಳಿಯಲ್ಲ." ಅವರು ಹೇಳಿದ ಹಾಗೇ ಒಂದು ಗಂಟೆಯಲ್ಲಿ ಅವನು ಮತ್ತೆ ತೂಕಡಿಸಿ ಉಸಿರು ನಿಧಾನವಾಯಿತು, ಇನ್ನೊಂದು ಇಂಜೆಕ್ಷನ್ ಬೇಕಾಯಿತು. ನನ್ನೊಬ್ಬಳ ಕೈಯಲ್ಲಿ ಬಿಟ್ಟಿದ್ದರೆ, ಸದ್ಯ ನಿದ್ದೆ ಬಂತು ಎಂದು ಹೊದಿಕೆ ಹೊದಿಸುತ್ತಿದ್ದೆ.

ಮನೆಗೆ ಬಂದು, ಸ್ನಾನ ಮಾಡಿ, ಊಟಕ್ಕೆ ಕೂತಾಗ ನಾನು ತಡೆಯಲಾರದೆ ಕೇಳಿದೆ. "ಎಂಜಲು ಅನ್ನಿಸಲಿಲ್ವಾ ಅತ್ತೆ?"

"ಉಸಿರಿಗೆ ಎಂಜಲಿಲ್ಲ," ಎಂದು ಹೇಳಿ, "ಉಪ್ಪಿನಕಾಯಿ ಬಡಿಸು, ಸ್ಪೂನಲ್ಲಿ," ಎಂದರು.

ಮುಂದಿನ ಶುಕ್ರವಾರ ಭಜನೆ ಮುಗಿದ ಮೇಲೆ ಅತ್ತೆ ಯಾರನ್ನೂ ಏಳಲು ಬಿಡಲಿಲ್ಲ. ಕೋಸಂಬರಿಯ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ತಾವೇ ಅಂಗಾತ ಮಲಗಿದರು. "ಯಾರಾದ್ರೂ ಬಿದ್ರೆ ಕೀ ಹುಡುಕ್ಬೇಡಿ," ಎಂದು ಮಲಗಿದಲ್ಲಿಂದಲೇ ಪಾಠ ಶುರು ಮಾಡಿದರು. ಕೂಗಿ ನೋಡಬೇಕು, ಉಸಿರು ಚೆನ್ನಾಗಿದ್ದರೆ ಒಂದು ಮಗ್ಗುಲಿಗೆ ಹೊರಳಿಸಬೇಕು, ಇಲ್ಲದಿದ್ದರೆ ಹೀಗೆ. "ಬನ್ನಿ, ನನ್ನ ಮೂಗೇ ಹಿಡೀರಿ. ಬಾಯಿಟ್ಟು ತೋರಿಸಿ ಸಾಕು." ಹತ್ತು ಹನ್ನೆರಡು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನರ್ಸಮ್ಮನ ಮೂಗು ಹಿಡಿಯುವುದೆಂದರೇನು!

ಪಕ್ಕದ ಮನೆಯ ತಾಯಿ ಅಂದು ತಡವಾಗಿ ಬಂದು ಬಾಗಿಲ ಬಳಿ ಕೂತಿದ್ದರು, ಒಂದು ಹಾಡಿಗೂ ದನಿ ಸೇರಿಸಿರಲಿಲ್ಲ. ಅವರು ಎದ್ದು ಎಲ್ಲರ ನಡುವೆ ದಾಟಿ ಬಂದು ಚಾಪೆಯ ಪಕ್ಕ ಮಂಡಿಯೂರಿದರು.

"ನನಗೆ ಮೊದಲು ಹೇಳ್ಕೊಡಿ," ಎಂದರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿದರು. "ನನ್ನ ಮಗನಿಗೆ ಫಿಟ್ಸ್ ಇಲ್ಲ ಕಣ್ರೀ. ಬ್ರೌನ್ ಶುಗರ್ ತಗೋತಾನೆ. ಈಗ ಮನೇಲಿ ಒಬ್ಬನೇ ಇದಾನೆ, ಬೇಗ ಹೇಳ್ಕೊಡಿ."

ಅತ್ತೆ ಕಣ್ಣು ಮುಚ್ಚಿ, ಗದ್ದ ಮೇಲಕ್ಕೆತ್ತಿದರು.