ಕಾಲ ಮೇಲಿನ ಕೂಸು

ಪ್ರಣತಿಗೆ ಕಿವಿ ಕೇಳುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು, ನಾಗವೇಣಿ. ಅವಳ ತಾಯಿ ನೀನು, ನಿನಗಿಂತಲೂ ಮೊದಲೇ. ಗೊತ್ತಿದ್ದೂ ಮುಚ್ಚಿಟ್ಟೆ. ಮುಚ್ಚಿಟ್ಟದ್ದು ಸಾಲದೆಂದು ಮೋಸವನ್ನೂ ಮಾಡಿದೆ.

ನಿನಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನಕ್ಕೆ ಮಾವಳ್ಳಿಯ ನಮ್ಮ ಮನೆಯಲ್ಲೇ ಉಳಿದೆ. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿ ದಿನಾ ಮೀಯಿಸುತ್ತಿದ್ದವಳು ನಾನು. ಒಂದು ದಿನ ಹಂಡೆಯ ಮುಚ್ಚಳ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಹೊರಗೆ ಕಟ್ಟಿದ್ದ ಆಕಳೂ ಬೆಚ್ಚಿತು. ಕೂಸು ಮಾತ್ರ ನನ್ನ ಮುಖ ನೋಡಿ ನಗುತ್ತಲೇ ಇತ್ತು. ಮರುದಿನ ಬೇಕೆಂದೇ ಬೀಳಿಸಿದೆ. ಆಗಲೂ ಅದೇ ನಗು. ಎಷ್ಟು ಚಂದದ ನಗು ಅದು.

ಒಳಗಿನಿಂದ ನೀನು ಕೂಗಿದೆ: "ಅತ್ತೆ, ಎಂತ ಬಿತ್ತು? ಕೂಸು ಹೆದ್ರತಾ?"

"ನಿನ್ನ ಕೂಸು ಎಂತಕ್ಕೂ ಹೆದ್ರೂದಿಲ್ಲ, ನನ್ನ ಹಾಂಗೆ. ನೀ ಸುಮ್ನೆ ಮಲ್ಕೋ."

ನೀನು ನಕ್ಕೆ. ಆಗಲೇ ಹೇಳಬಹುದಿತ್ತು...

ಆಮೇಲೆ ಸರಕಾರಿ ಆಸ್ಪತ್ರೆಯ ಕಡೆಯ ಆಶಾ ಕಾರ್ಯಕರ್ತೆ ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಬಂದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಅವಳು ಬಲಗಡೆ, ಕೂಸಿನ ಕಣ್ಣಿಗೆ ಬೀಳದಂತೆ, ಗಿಲಕಿ ಆಡಿಸಿದಳು. ನಾನು ಆ ಕಡೆಯ ಕಾಲನ್ನು ಒಂಚೂರು ತಗ್ಗಿಸಿದೆ. ಮೀಯಿಸುವಾಗ ಯಾವ ಕಾಲು ತಗ್ಗುತ್ತದೋ ಆ ಕಡೆಯಿಂದ ನೀರು ಬರುತ್ತದೆಂದು ಕೂಸು ಕಲಿತುಬಿಟ್ಟಿತ್ತು. ತಟ್ಟನೆ ಗಿಲಕಿಯ ಕಡೆಗೆ ತಿರುಗಿತು.

"ಚಲೋ ಕೇಳ್ತದೆ, ಕಂಡ್ಯನೆ?" ಎಂದೆ.

"ಹೌದಮ್ಮಾ, ಬಾರೀ ಚುರುಕಿದೆ" ಎಂದು ಅವಳು ಹೋದಳು.

ಕಿವಿ ಕೇಳದ ನನ್ನ ತಂಗಿಯನ್ನು ಅವಳು ಸಾಯುವ ತನಕ ಊರೆಲ್ಲ 'ಕೆಪ್ಪಿ' ಎಂದೇ ಕರೆಯಿತು. ಗಿರಿಜಾ ಎಂಬ ಹೆಸರು ನಮ್ಮ ಮನೆಯವರಿಗೂ ಮರೆತುಹೋಗಿತ್ತು. ಈ ಕೂಸಿಗೆ ಅದು ಬೇಡ ಎಂದುಕೊಂಡೆ. ಕಾರಣ ಇತ್ತು ಎಂದ ಮಾತ್ರಕ್ಕೆ ತಪ್ಪು ಸಣ್ಣದಾಗುವುದಿಲ್ಲ.

ಎರಡು ವರ್ಷವಾದರೂ ಮಾತು ಬರಲಿಲ್ಲವೆಂದು ಮಂಗಳೂರಿಗೆ ಹೋದೆವಲ್ಲ. ಕೂಸಿನ ಮಿದುಳಲ್ಲಿ ಮೊದಲ ತಿಂಗಳುಗಳಲ್ಲೇ ದಾರಿಗಳು ಬೀಳತೊಡಗುತ್ತವೆ, ಶಬ್ದ ಹೋಗಿಬಂದು ಮಾಡಿದರೆ ಕಿವಿಯಿಂದ ಮಾತಿನ ತನಕದ ದಾರಿ ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ಆ ಜಾಗ ಬೇರೆ ಕೆಲಸಕ್ಕೆ ಹೋಗುತ್ತದೆ ಎಂದರು ಡಾಕ್ಟರು. ನಾನು ಹೆಚ್ಚು ಓದಿದವಳಲ್ಲ, ಆದರೆ ಗದ್ದೆಯ ಕಾಲುದಾರಿ ಗೊತ್ತು. ಒಂದು ಮಳೆಗಾಲ ಯಾರೂ ನಡೆಯದಿದ್ದರೆ ಹುಲ್ಲು ಮುಚ್ಚುತ್ತದೆ. ನನ್ನ ಕಾಲು ತಗ್ಗಿದರೆ ಕೂಸಿನ ಕುತ್ತಿಗೆ ತಿರುಗುವ ದಾರಿಯನ್ನು ಮೀಯಿಸಿ ಮೀಯಿಸಿ ಹಾಕಿದವಳು ನಾನೇ — ಅದನ್ನೇ ಸುಳ್ಳಿಗೆ ಬಳಸಿದೆ.

"ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲಮ್ಮಾ?" ಎಂದು ಡಾಕ್ಟರು ನಿನ್ನನ್ನು ಕೇಳಿದರು. ನೀನು ತಲೆ ತಗ್ಗಿಸಿದೆ. ನಾನು ಗೋಡೆಯ ಫ್ಯಾನು ನೋಡುತ್ತ ಕುಳಿತೆ. ಅಂದಿನಿಂದ ನಿನ್ನದು ಒಂದೇ ಮಾತು, "ನಾನೇ ಸಮಾ ನೋಡ್ಲಿಲ್ಲ ಅತ್ತೆ." ನನ್ನದೂ ಒಂದೇ ಉತ್ತರ, "ಆತು ಬಿಡು ಮಗಾ."

ಈಗ ಅವಳ ಕಿವಿಯಲ್ಲಿ ಮಶೀನು ಇದೆ. ನೀನು ಅವಳೆದುರು ಕುಳಿತು ಒಂದೊಂದೇ ಮಾತು ಕಲಿಸುತ್ತೀಯ. 'ಅಜ್ಜಿ' ಎನ್ನಲು ಬಾರದೆ ನನ್ನನ್ನು 'ಆಯಿ' ಎನ್ನುತ್ತಾಳೆ. ಮೀನು ತರುವ ಕೊಂಕಣಿ ಹೆಂಗಸು ಮೊನ್ನೆ ನಕ್ಕಳು: "ನಮ್ಮಲ್ಲಿ ಆಯಿ ಅಂದ್ರೆ ತಾಯಿ! ಅಜ್ಜಿಗೆ ಪ್ರಮೋಶನ್ ಆತು!" ನೀನೂ ನಕ್ಕೆ. ಆ ತುಂಟಿ ನನ್ನ ಸೆರಗು ಎಳೆದು ಮತ್ತೆ ಮತ್ತೆ "ಆಯಿ" ಎಂದಳು. ಆ ಕರೆ ಎರಡು ವರ್ಷ ಮೊದಲೇ ನಿನಗೆ ಸಿಗಬೇಕಾಗಿತ್ತು.

ನೀನು ಸರಿಯಾಗಿಯೇ ನೋಡಿಕೊಂಡೆ, ನಾಗವೇಣಿ. ನಾನು ನಿನ್ನ ಕಣ್ಣು ಕಟ್ಟಿದೆ. ಇದನ್ನು ಓದಿ "ಆತು ಬಿಡಿ ಅತ್ತೆ" ಅನ್ನಬೇಡ.

ಈಗ ಎರಡನೆಯದು ನಿನ್ನ ಹೊಟ್ಟೆಯಲ್ಲಿದೆ. ಹುಟ್ಟಿದ ಕೂಡಲೇ ಕಿವಿ ನೋಡಿಸು. ಮೀಯಿಸಲು ಕೊಟ್ಟರೆ ಮೀಯಿಸುತ್ತೇನೆ, ಕೊಡದಿದ್ದರೆ ನೀರು ಕಾಯಿಸಿ ಇಡುತ್ತೇನೆ. ಆದರೆ ಪರೀಕ್ಷೆಯ ಹೊತ್ತಿಗೆ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಬೇಡ.