ದೇವರ ಮರ ಕಡಿದ ಸ್ರೆತೆನ್

ಸ್ರೆತೆನ್ ಮೂವತ್ತು ವರ್ಷ ಊರಿಗೆಲ್ಲ ಸೌದೆ ಕೊಯ್ದು ಕೊಟ್ಟವನು. ಎಡಗೈಯ ಎರಡು ಬೆರಳು ಗರಗಸಕ್ಕೆ ಹೋಗಿದ್ದವು. ಉಳಿದ ಮೂರರಲ್ಲೇ ನಾಜೂಕಾಗಿ ಸಿಗರೇಟು ಸುತ್ತುತ್ತಿದ್ದ. ದಿಣ್ಣೆಯ ಮೇಲಿನ ಓಕ್ ಮರ ಕಡಿಯಬೇಕಾಗಿ ಬಂದಾಗ ಎಲ್ಲರ ಕಣ್ಣೂ ಅವನ ಮೇಲೇ ಬಿತ್ತು.

ಕಾಂಡದಲ್ಲಿ ಶಿಲುಬೆ ಕೆತ್ತಿದ ಮರ ಅದು. ಬೇರಿನಡಿ ಸತ್ತವರು, ತುದಿಯಲ್ಲಿ ಸಿಡಿಲಿನ ಸಂತ ಇಲಿಯಾ, ನಡುವೆ ನಾವು ಎಂದು ಊರು ನಂಬಿತ್ತು. ವರ್ಷಕ್ಕೊಮ್ಮೆ ಪಾದ್ರಿಯ ಹಿಂದೆ ಜನ ಅದನ್ನು ಸುತ್ತುತ್ತಿದ್ದರು. ಬಿದ್ದ ಕೊಂಬೆಯನ್ನೂ ಯಾರೂ ಒಲೆಗಿಡುತ್ತಿರಲಿಲ್ಲ. ಅದು ಅಲ್ಲೇ ಕೊಳೆಯಬೇಕು; ಮರವನ್ನೇ ಕಡಿದವನಿಗಂತೂ ಸಾವೇ ಶಾಪ. ಆದರೆ ಹೆದ್ದಾರಿ ಆ ದಿಣ್ಣೆಯ ಮೇಲೇ ಬರುತ್ತದೆ, ಪೇಟೆ ಇಪ್ಪತ್ತು ನಿಮಿಷಕ್ಕೆ ಸಿಗುತ್ತದೆ ಎಂದಾಗ ಸಭೆಯಲ್ಲಿ ಒಬ್ಬನೂ ಬೇಡವೆನ್ನಲಿಲ್ಲ. ಕಡಿಯುವ ಕೈ ಮಾತ್ರ ತಮ್ಮದಾಗಬಾರದು, ಅಷ್ಟೆ.

“ನಿನಗೇನಪ್ಪ, ಹಿಂದಿಲ್ಲ ಮುಂದಿಲ್ಲ,” ಅಂದ ಊರ ಮುಖ್ಯಸ್ಥ ಒಬ್ರೆನ್, ಪ್ಲಮ್ ಹಣ್ಣಿನ ಸಾರಾಯಿ ಬಗ್ಗಿಸುತ್ತ. “ನಮಗೆಲ್ಲ ಮಕ್ಕಳಿದಾವೆ.”

“ನನಗೆ ಸ್ತಮೆನಾ ಇದಾಳಲ್ಲ.”

“ನಿನ್ನ ಹೆಂಡ್ತಿ ನಿನಗಿಂತ ಗಟ್ಟಿ ಕಣೋ. ನಿನ್ನನ್ನ ಹೂತು ಇನ್ನೊಂದು ಮದುವೆ ಆಗ್ತಾಳೆ ಬಿಡು.”

ಎಲ್ಲರೂ ನಕ್ಕರು. ಸ್ರೆತೆನ್ ಕೂಡ ನಕ್ಕ.

ಶಾಪ ಕಳೆಯಲು ದಾರಿಯಿತ್ತು. ಮರ ಕಡಿದ ಕೊಡಲಿಯಿಂದಲೇ ಅದರ ಬುಡದ ಮೇಲೆ ಕೋಳಿಯ ತಲೆ ಕತ್ತರಿಸಿದರೆ, ಕಡಿದವನ ಬದಲು ಮರ ಕೋಳಿಯ ಜೀವ ತೆಗೆದುಕೊಳ್ಳುತ್ತದೆ. ಸ್ತಮೆನಾ ಮೊಟ್ಟೆಯಿಡುವ ಕಪ್ಪು ಕೋಳಿಯನ್ನೇ ಕೊಟ್ಟಳು. ಸ್ರೆತೆನ್ ಮೋಟಾರು ಗರಗಸದಿಂದ ಮರ ಉರುಳಿಸಿದ. ಅದೇ ಗರಗಸವನ್ನು ಕೋಳಿಯ ಕತ್ತಿಗಿಡಲು ಮನಸ್ಸು ಬರಲಿಲ್ಲ. ಅಜ್ಜನ ಕೊಡಲಿ ಎತ್ತಿ ತಲೆ ಕತ್ತರಿಸಿದ.

“ಮರ ಕಡಿದದ್ದು ಅದಲ್ಲವಲ್ಲ,” ಅಂದಳು ಗುಂಪಿನಲ್ಲಿದ್ದ ಒಬ್ಬ ಮುದುಕಿ.

ಅಷ್ಟು ಸಾಕಾಯಿತು. ಮರುದಿನದಿಂದ ಅವನ ಕೈಯನ್ನು ಯಾರೂ ಕುಲುಕಲಿಲ್ಲ, ಸೌದೆಗೆ ಕರೆಯಲಿಲ್ಲ. ಹೆಂಡದಂಗಡಿಯಲ್ಲಿ ಅವನ ಲೋಟ ಬೇರೆಯಾಯಿತು. ನಂಬಿಕೆ ಎಷ್ಟು ಅನುಕೂಲದ ವಸ್ತು ನೋಡಿ: ರಸ್ತೆ ಎಲ್ಲರಿಗೆ, ಶಾಪ ಒಬ್ಬನಿಗೆ.

ಹೆದ್ದಾರಿ ಮುಗಿದ ವರ್ಷದ ಚಳಿಗಾಲದಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಹಾಸಿಗೆ ಬೆವರಿನಲ್ಲಿ ನೆನೆಯುತ್ತಿತ್ತು.

“ಆಸ್ಪತ್ರೆಗೆ ಹೋಗೋಣ ನಡಿ,” ಅಂದಳು ಸ್ತಮೆನಾ.

“ಡಾಕ್ಟರು ಹೇಳಿದ್ರೆ ಮರ ಕೇಳುತ್ತಾ? ಸುಮ್ನಿರೇ.”

ಊರು ಅವನನ್ನೂ ನಂಬಿಸಿಬಿಟ್ಟಿತ್ತು. ಹತ್ತು ದಿನ ಹಾಗೇ ಮಲಗಿದ. ಹನ್ನೊಂದನೆಯ ದಿನ ಉಸಿರು ಸಿಗದಾದಾಗ ಅವಳ ತೋಳು ಹಿಡಿದು, “ನನಗೆ ಸಾಯೋದು ಬೇಡ ಕಣೇ,” ಅಂದ.

ಅವಳು ಒಬ್ರೆನ್‌ನ ಮನೆಗೆ ಓಡಿದಳು. ಕಾರು ಅಂಗಳದಲ್ಲೇ ನಿಂತಿತ್ತು.

“ಅತ್ತಿಗೆ, ಅವನೀಗ ಮರದ ಪಾಲು,” ಅಂದ ಒಬ್ರೆನ್, ಅವಳ ಮುಖ ನೋಡದೆ. “ನಾನು ಅಡ್ಡ ಬಂದ್ರೆ ನನ್ನ ಮಕ್ಕಳ ಮೇಲೆ ತಿರುಗುತ್ತೆ.”

ಗಂಡನನ್ನು ಕೈಗಾಡಿಯಲ್ಲಿ ಹಾಕಿಕೊಂಡು ಹೊಸ ಹೆದ್ದಾರಿಯವರೆಗೆ ಅವಳೊಬ್ಬಳೇ ಹಿಮದಲ್ಲಿ ತಳ್ಳಿದಳು. ಮರದ ಸುದ್ದಿ ಗೊತ್ತಿಲ್ಲದ ಲಾರಿಯವನೊಬ್ಬ ಹತ್ತಿಸಿಕೊಂಡ. ನ್ಯುಮೋನಿಯಾ, ವಾರದ ಹಿಂದೆ ಬಂದಿದ್ದರೆ ಉಳಿಯುತ್ತಿದ್ದ, ಎಂದರು ಡಾಕ್ಟರು. ಸ್ರೆತೆನ್ ಮೂರನೆಯ ದಿನ ಸತ್ತ.

ಮಣ್ಣಿಗೆ ಊರೆಲ್ಲ ಬಂತು. ಈಗ ಭಯವಿರಲಿಲ್ಲವಲ್ಲ. ಒಬ್ರೆನ್ ಮೇಣದಬತ್ತಿ ಹಿಡಿದು ಹತ್ತಿರ ಬಂದ.

“ಏನು ಮಾಡೋದು ಅತ್ತಿಗೆ, ಮರ ತಗೊಂಡು ಹೋಯ್ತು.”

“ಮರದ ಹತ್ರ ಕಾರಿರಲಿಲ್ಲ ಒಬ್ರೆನ್,” ಅಂದಳು ಸ್ತಮೆನಾ. “ನಿನ್ನ ಹತ್ರ ಇತ್ತು.”

ಸುತ್ತ ನಿಂತವರು ಸತ್ತವನ ಹೆಸರಿನ ಬೇಯಿಸಿದ ಗೋಧಿಯನ್ನು ಚಮಚದಲ್ಲಿ ತಿನ್ನುತ್ತಿದ್ದರು. ಎಲ್ಲರಿಗೂ ಕೇಳಿಸಿತು. ಯಾರೂ ತಿನ್ನುವುದನ್ನು ನಿಲ್ಲಿಸಲಿಲ್ಲ.