ಕಿವಿ ಮೇಸ್ತ್ರಿಗೆ ಕೇಳಿಸದ ಲೊಟಕ್

ಇಡೀ ಭೂಮಂಡಲದಲ್ಲಿ ಗಾಡಿಯ ಸದ್ದನ್ನು ಸರಿಯಾಗಿ ಕೇಳಬಲ್ಲ ಕಿವಿಗಳಿರುವುದೇ ಎರಡು, ಆ ಎರಡೂ ತನ್ನ ತಲೆಗೇ ಅಂಟಿಕೊಂಡಿವೆ ಎಂದು ಕಿವಿ ಮೇಸ್ತ್ರಿ ಹೇಳಿಕೊಳ್ಳುತ್ತಿದ್ದ. ಯಾರೂ ಎದುರಾಡಿದ್ದಿಲ್ಲ. ಮೂರು ಬೀದಿ ಆಚೆ ಹೋಗುತ್ತಿದ್ದ ಲಾರಿಯ ಸದ್ದು ಕೇಳಿ, ಅದರ ಎಡಗಡೆ ಹಿಂದಿನ ಚಕ್ರದ ಮೂರನೇ ನಟ್ಟು ಸಡಿಲ ಎಂದವನು ಅವನು. ಡ್ರೈವರಿಗೆ ಒಂದು ಹಲ್ಲು ಹುಳುಕಾಗಿರುವುದನ್ನೂ ಜೊತೆಗೇ ಹೇಳಿದನಂತೆ. ಗ್ಯಾರೇಜಿಗೆ ಯಾರೇ ಬರಲಿ, ಬಾನೆಟ್ ಎತ್ತುವ ಮೊದಲು ಒಂದೇ ಮಾತು: “ಸದ್ದನ್ನ ಬಾಯಲ್ಲಿ ಮಾಡಿ ತೋರ್ಸಿ.” ಮೂರು ಊರು ನಡುಗಿಸುವ ಅಧಿಕಾರಿಗಳೂ ಆ ತಗಡಿನ ಸೂರಿನ ಕೆಳಗೆ ನಿಂತು, ಟೈ ಸಡಿಲಿಸಿಕೊಂಡು, ‘ಕಿರ್ರ್’ ಎಂದು ಅರಚಿದ್ದುಂಟು.

ಅವನ ಪ್ರಕಾರ ಟಕ್ ಎಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದೆ ಅಷ್ಟೆ, ಹೆದರಬೇಕಿಲ್ಲ. ಢಬ್ ಎಂದರೆ ರಬ್ಬರು ಸತ್ತಿದೆ. ಲೊಟಕ್ ಎಂದರೆ ಮಾತ್ರ ಬಿಗಿಯಾಗಿರಬೇಕಾದದ್ದು ಕಳಚಿಕೊಳ್ಳುತ್ತಿದೆ, ಗಾಡಿ ನಿಂತಲ್ಲೇ ನಿಲ್ಲಬೇಕು. ಮಗಳು ಅ ಆ ಇ ಈ ಕಲಿಯುವ ಮೊದಲೇ ಇದನ್ನು ಕಲಿತಿದ್ದಳು. ಈಗ ಅವಳಿಗೆ ಇಪ್ಪತ್ತಾರು. ಗುಡ್ಡದ ಮೇಲಿನ ಕಾರ್ಖಾನೆಯಿಂದ ಕಿಟಕಿ ಗಾಜು ಹೇರಿಕೊಂಡು, ಒಂಬತ್ತು ತಿರುವು ಇಳಿದು ಪೇಟೆಗೆ ಮುಟ್ಟಿಸುವುದು ಅವಳ ಮತ್ತು ಅವಳ ಪಿಕಪ್ಪಿನ ಕೆಲಸ.

ಅವತ್ತು ಬೆಳಿಗ್ಗೆ ಅವಳು ಪಿಕಪ್ಪನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, “ಅಪ್ಪಾ, ಬ್ರೇಕ್ ಒತ್ತಿದ್ರೆ ಹಿಂದುಗಡೆ ಲೊಟಕ್ ಅನ್ನುತ್ತೆ” ಎಂದಳು.

“ಹೋದ ವಾರ ತಾನೇ ಹೊಸ ಸ್ಪ್ರಿಂಗ್ ಪಟ್ಟಿ ಕೂರಿಸಿದ್ದೀನಿ. ನನ್ನ ಕೈಯಿಂದ ಹೋದ ಗಾಡಿ ಲೊಟಕ್ ಅನ್ನೋದಾ? ನಡಿ, ಕೇಳೋಣ,” ಎಂದು ಮೇಸ್ತ್ರಿ ಪಕ್ಕದ ಸೀಟಿಗೆ ಹತ್ತಿದ.

ಬೀದಿಯ ತುದಿಯಲ್ಲಿ ಅವಳು ಬ್ರೇಕ್ ಒತ್ತಿದಳು. “ಕೇಳ್ತಾ?”

ಮೇಸ್ತ್ರಿಗೆ ಏನೂ ಕೇಳಲಿಲ್ಲ. “ಇನ್ನೊಂದ್ಸಲ.”

ಅವಳು ಒತ್ತಿದಳು. ಸದ್ದು ಅವನ ಕಿವಿಗೆ ಬೀಳಲಿಲ್ಲ, ಮಗಳ ರೆಪ್ಪೆಯಲ್ಲಿ ಕಾಣಿಸಿತು. ಬ್ರೇಕಿಗೊಮ್ಮೆ ಅದು ಪಟ್ಟನೆ ಅದುರುತ್ತಿತ್ತು. ಮೂರನೇ ಸಲ, ನಾಲ್ಕನೇ ಸಲ ಅವನು ರಸ್ತೆ ಬಿಟ್ಟು ಆ ರೆಪ್ಪೆಯನ್ನೇ ನೋಡಿದ. ನಾಲಿಗೆ ಉಪ್ಪುಕಾಗದದಂತೆ ಒರಟಾಯಿತು. ಮನೆಯ ಗಡಿಯಾರ ಗಂಟೆ ಹೊಡೆಯುವುದನ್ನೇ ಬಿಟ್ಟಿದೆ ಎಂದು ತಾನು ಎರಡು ತಿಂಗಳಿಂದ ಹೆಂಡತಿಯ ಮೇಲೆ ರೇಗುತ್ತಿದ್ದದ್ದು, ಅವಳು ತನ್ನನ್ನು ವಿಚಿತ್ರವಾಗಿ ನೋಡುತ್ತಿದ್ದದ್ದು, ಎಲ್ಲ ಒಟ್ಟಿಗೇ ನೆನಪಾಯಿತು.

“ಟಕ್ ಅದು,” ಎಂದುಬಿಟ್ಟ. “ಜಾಕ್ ಉರುಳಾಡ್ತಿದೆ.”

“ಜಾಕ್‌ಗೆ ಬಟ್ಟೆ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದೀನಿ. ಟಕ್ಕಿಗೂ ಲೊಟಕ್ಕಿಗೂ ವ್ಯತ್ಯಾಸ ತಿಳೀದೆ ಇರೋಕೆ ನಾನೇನು ಗಿರಾಕೀನಾ?” ಎಂದಳು ಮಗಳು. ಗ್ಯಾರೇಜಿನ ಮುಂದೆ ಅವನನ್ನು ಇಳಿಸಿದ ಮೇಲೆ ಅವಳ ಸಿಟ್ಟು ಇಳಿಯಿತು. “ಆದ್ರೂ ನೀನು ಟಕ್ ಅಂದ್ರೆ ಟಕ್ಕೇ ಇರುತ್ತೆ. ಹನ್ನೊಂದಕ್ಕೆ ಲೋಡ್ ಇದೆ, ಬರ್ತೀನಪ್ಪ.”

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅವಳು ಗೇರಿಗೆ ಕೈಹಾಕಿದಳು. ಮೇಸ್ತ್ರಿಯ ಕಣ್ಣೆದುರು ಒಂಬತ್ತೂ ತಿರುವುಗಳು ಹಾದುಹೋದವು. ಏಳನೆಯದಕ್ಕೆ ತಡೆಗೋಡೆಯಿಲ್ಲ. ಬೆನ್ನ ಹಿಂದೆ ಅಷ್ಟು ಗಾಜು. ಕೆಳಗೆ ಏನೋ ಕಳಚಿಕೊಳ್ಳುತ್ತಿದೆ, ಏನೆಂದು ತನಗೆ ಗೊತ್ತಿಲ್ಲ. ಮೂವತ್ತು ವರ್ಷದಲ್ಲಿ ಎಂದೂ ಓಡದವನು ಮೂರೇ ಹೆಜ್ಜೆಗೆ ಗಾಡಿ ಮುಟ್ಟಿ, ಕಿಟಕಿಯೊಳಗೆ ಕೈ ತೂರಿಸಿ ಕೀಲಿ ಕಿತ್ತುಕೊಂಡ.

“ನನಗೆ ಕೇಳಿಸ್ಲಿಲ್ಲ.”

“ಏನಂದೆ?”

“ಕೇಳಿಸ್ಲಿಲ್ಲ ಅಂದೆ! ಕಿವುಡು ನನಗೋ ನಿನಗೋ?”

ಮಗಳು ನಗಲಿಲ್ಲ. ಅವನಿಂದ ಕೀಲಿ ತೆಗೆದುಕೊಂಡು ಗಾಡಿಯನ್ನು ರಿಪೇರಿ ಗುಂಡಿಯ ಮೇಲೆ ತಂದು ನಿಲ್ಲಿಸಿದಳು. ಮೇಸ್ತ್ರಿ ಗುಂಡಿಗಿಳಿದು, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಹಿಂದಿನ ಆಕ್ಸಲ್‌ಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಅವಳು ಗಾಡಿಯನ್ನು ಗೇಣು ಮುಂದೆ, ಗೇಣು ಹಿಂದೆ ಆಡಿಸಿ ಬ್ರೇಕ್ ಒತ್ತತೊಡಗಿದಳು. ಬಲಗಿವಿಗೆ ಹತ್ತಿ ತುಂಬಿದ ಹಾಗಿತ್ತು. ಎಡಗಿವಿಗಿಟ್ಟ, ಅಲ್ಲೂ ಹತ್ತಿ. ಕೈ ನಡುಗಿ ಸ್ಕ್ರೂಡ್ರೈವರಿನ ತುದಿ ಕಬ್ಬಿಣದ ಮೇಲೆ ಕುಣಿಯುತ್ತಿತ್ತು. ಅದು ಕುಣಿಯುವುದು ಕಾಣುತ್ತಿತ್ತು, ಕಟಕಟ ಕೇಳುತ್ತಿರಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನಷ್ಟು ಜೀವ ಹಾರಿತು. ನಡುಕ ನಿಲ್ಲಿಸಲು ಬೇರೆ ದಾರಿ ಕಾಣದೆ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡ.

ಲೊಟಕ್!

ತಲೆಬುರುಡೆಯೊಳಗೆ ಯಾರೋ ಹೆಬ್ಬಾಗಿಲು ಬಡಿದಂತಾಯಿತು. ದವಡೆಯಿಂದ ನೆತ್ತಿಗೆ, ನೆತ್ತಿಯಿಂದ ಹಿಮ್ಮಡಿಗೆ ಆ ಸದ್ದು ಇಳಿಯಿತು. ಮಗಳು ಹೇಳಿದ ಅದೇ ಲೊಟಕ್, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಕಚ್ಚಿದ್ದನ್ನು ಬಿಡದೆ ತುದಿಯನ್ನು ಸರಿಸುತ್ತಾ ಹೋದ. ಆಕ್ಸಲನ್ನು ಸ್ಪ್ರಿಂಗ್ ಪಟ್ಟಿಗೆ ಬಿಗಿದು ಹಿಡಿಯುವ ಎರಡು ಕಾಲಿನ ಕೊಕ್ಕೆಬೋಲ್ಟಿನ ಹತ್ತಿರ ಹಲ್ಲು ಉದುರುವಷ್ಟು ಬಡಿಯಿತು. ಗಾಡಿ ನಿಲ್ಲಿಸಲು ಹೇಳಿ ಬೋಲ್ಟಿಗೆ ಬೆರಳು ಹಾಕಿ ಎಳೆದ. ಒಂದು ಕಾಲು ಮುರಿದು ಕೈಗೇ ಬಂತು.

ಅವನು ಗುಂಡಿಯಲ್ಲೇ ಕೂತು ಆ ತುಂಡನ್ನು ತಿರುಗಿಸಿ ನೋಡಿದ. ನಟ್ಟಿನ ಬಿಗಿ ಅಳೆಯುವ ಪಾನ, ಅಂದರೆ ಸ್ಪ್ಯಾನರ್, ಸಾಕಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ. ಅಲ್ಲಿಗೆ ಕೈ ಬಿಡಬೇಕು. ಹೋದ ವಾರ ಅವನು ಆ ಟಕ್ಕಿಗೆ ಕಾದಿದ್ದ. ಕೈಗೆ ಸಣ್ಣ ಜರ್ಕು ತಿಳಿದಿತ್ತು, ಆದರೆ ಕಿವಿಯ ಒಪ್ಪಿಗೆಯಿಲ್ಲದೆ ಕೈಯನ್ನು ನಂಬುವ ಆಸಾಮಿಯಲ್ಲ. ಇನ್ನೊಂದು ಸುತ್ತು ತಿರುವಿದ, ಮತ್ತೊಂದು ಸುತ್ತು. ಬೋಲ್ಟು ಜಗ್ಗಿ ಬಿರುಕುಬಿಟ್ಟದ್ದು ಆಗಲೇ.

“ನಾನೇ ಮುರಿದದ್ದು,” ಎಂದ.

ಮಗಳು ಬಗ್ಗಿ ಕೈಚಾಚಿದಳು. “ಮೊದ್ಲು ಮೇಲೆ ಬಾ. ಲೋಡ್ ನಾಳೆ ಅಂತ ಕಾರ್ಖಾನೆಗೆ ಫೋನ್ ಮಾಡಿದ್ದೀನಿ.”

ಎರಡೂ ಕಡೆಗೆ ಎರಡೆರಡು ಹೊಸ ಬೋಲ್ಟುಗಳನ್ನು ಹಾಕಿದರು. ಪಾನ ತಿರುವಿದವನು ಮೇಸ್ತ್ರಿ, ಕಿವಿಗೊಟ್ಟು “ಟಕ್!” ಎಂದು ಕೂಗಿದವಳು ಮಗಳು. ಎಂಟು ನಟ್ಟು, ಎಂಟು ಟಕ್. ಒಂದೊಂದಕ್ಕೂ ಅವನು ಬೆಂಕಿ ಮುಟ್ಟಿದವನಂತೆ ಕೈ ತೆಗೆದ.

ಕೈ ಒರೆಸಿಕೊಳ್ಳುತ್ತಾ ಮಗಳು, “ಮಧ್ಯಾಹ್ನ ಕಿವಿ ಡಾಕ್ಟರ ಹತ್ರ ಹೋಗ್ತಿದ್ದೀವಿ. ಅದು ಸರಿ, ಗಿರಾಕಿಗಳಿಗೆ ಏನ್ ಹೇಳ್ಲಿ? ಭೂಮಂಡಲದ ಎರಡು ಕಿವಿ ಕಥೆ ಮುಗೀತಲ್ಲ,” ಎಂದಳು.

ಮೇಸ್ತ್ರಿ ಬಾಯಲ್ಲಿ ಉಳಿದಿದ್ದ ಗ್ರೀಸನ್ನು ಉಗಿದ.

“ಮುಗಿಯೋದೇನ್ ಬಂತು? ಇಷ್ಟು ದಿನ ಬರೀ ಎರಡು ಕಿವೀಲಿ ಕೇಳ್ತಿದ್ದ, ಇನ್ಮೇಲೆ ಇಪ್ಪತ್ತೆಂಟು ಹಲ್ಲಲ್ಲಿ ಕೇಳ್ತಾನೆ ಅಂತ ಹೇಳು!”